ಡೆಸ್ಮಂಡನ ಮೊಣಕಾಲಿಗೊಂದು ಟಾಯ್ಲೆಟ್ಟು

ಜಗಳಕ್ಕೆಲ್ಲ ಮೂಲ ಅಡುಗೆಮನೆಯ ಪಕ್ಕದ ಪುಟ್ಟ ಉಗ್ರಾಣ. ಹಳೆಯ ಡಬ್ಬಗಳು, ಮುರಿದ ಕೊಡೆ, ಒಂದೆರಡು ಪೊರಕೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅದನ್ನು ಟಾಯ್ಲೆಟ್ಟು ಮಾಡಿಸಬೇಕು ಎಂದು ಡೆಸ್ಮಂಡ್. ನಡುವಿನ ಗೋಡೆ ಒಡೆದು ಅಡುಗೆಮನೆಗೆ ಸೇರಿಸಬೇಕು ಎಂದು ಅವನ ಹೆಂಡತಿ ಮೇವಿಸ್. ಮೇಸ್ತ್ರಿ ಗ್ಯಾರಿ ಅವತ್ತು ಸಂಜೆ ಬರುವವನಿದ್ದ. ಅಷ್ಟರೊಳಗೆ ಎರಡರಲ್ಲೊಂದು ಹೇಳದಿದ್ದರೆ ಅವನು ಬೇರೆ ಕಡೆ ಕೆಲಸ ಹಿಡಿಯುತ್ತಾನೆ, ಆಮೇಲೆ ಅವನ ಮುಖ ಕಾಣುವುದು ಮುಂದಿನ ವರ್ಷವೇ.

ನ್ಯಾಯ ಇಬ್ಬರ ಕಡೆಗೂ ಇತ್ತು. ಇಂಗ್ಲೆಂಡಿನ ಬರ್ನ್‌ಲಿ ಊರಿನ ಆ ಸಾಲುಮನೆಗಳಲ್ಲಿ ಟಾಯ್ಲೆಟ್ಟು ಇರುವುದು ಮಹಡಿಯ ಮೇಲೆ. ಆಯುಸ್ಸೆಲ್ಲ ಬಸ್ಸಿನ ಕ್ಲಚ್ಚು ತುಳಿದು ಡೆಸ್ಮಂಡನ ಎಡಮೊಣಕಾಲು ಸವೆದುಹೋಗಿತ್ತು. ಮೆಟ್ಟಿಲು ಹತ್ತುವಾಗ ಅದು ತುಕ್ಕು ಹಿಡಿದ ಗೇಟಿನಂತೆ ಕಿರುಗುಟ್ಟುತ್ತಿತ್ತು. ಇತ್ತ ಮೇವಿಸ್‌ಳ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದರೆ ಓವನ್ನಿನ ಬಾಗಿಲು ತೆಗೆಯುವಂತಿಲ್ಲ. ಅಷ್ಟು ಇಕ್ಕಟ್ಟಿನಲ್ಲೇ ಅವಳು ಪ್ರತಿ ಶನಿವಾರ ಮಾಂಸ, ಆಲೂಗಡ್ಡೆ ತುಂಬಿದ ಪೈ ಬೇಯಿಸಿ ಅಕ್ಕಪಕ್ಕದವರಿಗೆಲ್ಲ ಹಂಚುತ್ತಿದ್ದಳು.

“ನಾವಿಬ್ರೇ ಕಿತ್ತಾಡಿ ಏನು ಬಂತು? ಬೀದಿಯವರನ್ನ ಕೇಳ್ಕೊಂಡು ಬಾ,” ಎಂದಳು ಮೇವಿಸ್. “ಮಿಸೆಸ್ ಪಿಲ್ಲಿಂಗ್‌ನ ಕೇಳು, ಸೆಡ್ರಿಕ್‌ನ ಕೇಳು. ಟಾಯ್ಲೆಟ್ಟೇ ಸರಿ ಅಂತ ಅವರಂದ್ರೆ ನಾನು ಬಾಯಿ ಮುಚ್ಕೋತೀನಿ.”

ಅವರಿಬ್ಬರೂ ವರ್ಷಗಟ್ಟಲೆ ಅವಳ ಪೈ ತಿಂದವರು. ಉಂಡ ಮನೆಗೆ ದ್ರೋಹ ಬಗೆಯುವವರಲ್ಲ ಎಂಬುದು ಅವಳಿಗೂ ಗೊತ್ತು, ಡೆಸ್ಮಂಡನಿಗೂ ಗೊತ್ತು. ಆದರೂ ಅವನು ಮೊಣಕಾಲು ನೀವಿಕೊಂಡು ಹೊರಟ.

ಪಕ್ಕದ ಮನೆಯ ಮಿಸೆಸ್ ಪಿಲ್ಲಿಂಗ್ ಎಂಬತ್ತು ದಾಟಿದ ಮುದುಕಿ. ಅವನು ಹೊಸ್ತಿಲು ದಾಟುವ ಮೊದಲೇ ಚಹಾಕ್ಕೆ ನೀರಿಟ್ಟಳು. ಆ ಬೀದಿಯಲ್ಲಿ ಚಹಾ ಬೇಡ ಎನ್ನುವುದು ಮನೆಯವರ ಕೆನ್ನೆಗೆ ಹೊಡೆದಂತೆ. ಎರಡನೆಯ ಕಪ್ಪು ಬೇಡ ಎಂದರೆ ಮೊದಲನೆಯದು ಕೆಟ್ಟದಾಗಿತ್ತು ಎಂದಂತೆ. ಮೂರನೆಯದನ್ನು ಸುರಿಯುತ್ತ ಮುದುಕಿ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತು ತೆಗೆದಳು.

“ನಿನ್ನ ಕಾಲುನೋವು ನನಗೆ ಗೊತ್ತಿಲ್ವಾ ಮಗಾ? ಆದ್ರೆ ಪಾಪ, ಆ ಓವನ್ ಮುಂದೆ ಮೇವಿಸ್ ಪಡೋ ಪಾಡು ನೋಡೋಕಾಗಲ್ಲ.”

ಅಷ್ಟು ಹೇಳಿ, ಆ ಉಗ್ರಾಣ ಹಿತ್ತಿಲ ಬಾಗಿಲಿಗೆ ಹತ್ತಿರವೋ, ಹಗಲು ಹೊತ್ತು ಹಿತ್ತಿಲ ಬಾಗಿಲಿಗೆ ಬೀಗ ಹಾಕುತ್ತೀರೋ ಎಂದು ವಿಚಾರಿಸಿದಳು. ಹತ್ತಿರವೇ, ಬೀಗ ಹಾಕುವುದಿಲ್ಲ ಎಂದ ಡೆಸ್ಮಂಡ್. ಮುದುಕಿಗೆ ಕಳ್ಳರ ಭಯ ಎಂದುಕೊಂಡ.

ಎದುರುಮನೆಯ ಸೆಡ್ರಿಕ್ ಪಾರಿವಾಳ ಸಾಕಿಕೊಂಡಿದ್ದ ಒಂಟಿ ಮುದುಕ. ಅವನ ಚಹಾದ ಮಗ್ಗು ಹೂವಿನ ಕುಂಡದಷ್ಟು ದೊಡ್ಡದು. ಅವನೂ ಅಡುಗೆಮನೆಯ ಪಕ್ಷವೇ. ಅವನೂ ಹಿತ್ತಿಲ ಬಾಗಿಲಿನ ವಿಷಯ ಕೇಳಿದ. ಅಷ್ಟರಲ್ಲಿ ಡೆಸ್ಮಂಡನ ಹೊಟ್ಟೆಯೊಳಗೆ ಚಹಾ ಅಲೆ ಹೊಡೆಯತೊಡಗಿತ್ತು. ನಿಮ್ಮ ಟಾಯ್ಲೆಟ್ಟಿಗೆ ಹೋಗಲೇ ಎಂದು ಕೇಳಬಹುದಿತ್ತು. ಆದರೆ ಅದಕ್ಕೆ ಮಹಡಿ ಹತ್ತಿ, ಸೆಡ್ರಿಕ್‌ನ ಮಲಗುವ ಕೋಣೆ ದಾಟಿ, ಅವನ ಕೊಡವದ ಹಾಸಿಗೆಯನ್ನು ನೋಡಬೇಕು. ಅಂಥ ಮಾತು ಕೇಳುವುದಕ್ಕಿಂತ ಪ್ರಾಣ ಬಿಡುವುದೇ ಮರ್ಯಾದೆ ಎಂದು ಬೆಳೆದವನು ಡೆಸ್ಮಂಡ್.

ಬೀಳ್ಕೊಡಲು ಸೆಡ್ರಿಕ್ ಬೀದಿಗೆ ಬಂದ. ಅವನನ್ನು ಕಂಡು ಮಿಸೆಸ್ ಪಿಲ್ಲಿಂಗ್ ಕೂಡ ಬಂದಳು. ಇಬ್ಬರೂ ಮೋಡ ನೋಡಿದರು. ಮಳೆ ಬಂದೀತೇ, ಬಾರದೇ, ನಿನ್ನೆ ಬಂದ ಮಳೆ ಮಳೆಯೋ ತುಂತುರೋ ಎಂದು ಚರ್ಚೆ ಶುರುವಾಯಿತು. ಹವಾಮಾನದ ಮಾತನ್ನು ನಡುವೆ ಕಡಿದು ಹೋದವನು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಡೆಸ್ಮಂಡ್ ಕಾಲಿಗೆ ಕಾಲು ಹೆಣೆದುಕೊಂಡು, ಹೌದು, ಬಂದರೂ ಬಂದೀತು ಎನ್ನುತ್ತ ನಿಂತ.

ಕೊನೆಗೂ ಮನೆ ಸೇರಿದವನು ನೇರ ಮೆಟ್ಟಿಲಿಗೆ ನುಗ್ಗಿದ. ಅರ್ಧ ಹತ್ತುವಷ್ಟರಲ್ಲಿ ಮೊಣಕಾಲು ಗಪ್ಪೆಂದು ಹಿಡಿದುಕೊಂಡು, ಅವನು ಅಲ್ಲೇ ಕುಸಿದು ಕೂತ. ಮೇಲೆ ಹೋಗುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಅವನ ಓಟ ಕಂಡು ಗಾಬರಿಯಾದ ನೆರೆಯವರಿಬ್ಬರೂ ಹಿಂದೆಯೇ ಒಳಗೆ ಬಂದಿದ್ದರು. ಮೇಸ್ತ್ರಿ ಗ್ಯಾರಿಯೂ ಆಗಲೇ ಬರಬೇಕೇ? ಇಷ್ಟು ಜನರ ಕಣ್ಣೆದುರಿಗೆ, ಕುಡಿದ ಚಹಾ ಅಷ್ಟೂ ತನ್ನ ತೀರ್ಪು ತಾನೇ ಕೊಟ್ಟುಬಿಟ್ಟಿತು.

ಗ್ಯಾರಿ ತನ್ನ ಬೂಟು ನೋಡಿಕೊಂಡ. ಸೆಡ್ರಿಕ್ ಕಿಟಕಿಯ ಕಡೆ ತಿರುಗಿ, “ಮೋಡ ಸ್ವಲ್ಪ ಚದುರಿದ ಹಾಗಿದೆ,” ಎಂದ. ಡೆಸ್ಮಂಡನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮೇವಿಸ್ ಟವೆಲ್ಲು ತಂದು ಅವನ ಮಡಿಲಿಗೆ ಹೊದಿಸಿ, ಪಕ್ಕದ ಮೆಟ್ಟಿಲ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು.

“ಗ್ಯಾರಿ, ಟಾಯ್ಲೆಟ್ಟೇ ಕಟ್ಟಪ್ಪ,” ಎಂದಳು. “ನನ್ನ ಓವನ್ ಬಾಗಿಲು ಹೆಂಗಾದ್ರೂ ನಡೀತದೆ.”

ನಾವೂ ಬೆಳಗಿನಿಂದ ಅದನ್ನೇ ಹೇಳುತ್ತಿದ್ದೆವಲ್ಲ ಎಂದರು ನೆರೆಯವರು. ಮಾನ ಹೋದರೂ ಮೊಣಕಾಲು ಗೆದ್ದಿತು ಎಂದುಕೊಂಡ ಡೆಸ್ಮಂಡ್.

ಗ್ಯಾರಿ ಅಚ್ಚುಕಟ್ಟಾಗಿ ಕಟ್ಟಿದ. ಮೇವಿಸ್ ಪರಿಮಳದ ಸೋಪು ಇಟ್ಟಳು, ಹೊಸ ಟವೆಲ್ಲು ತೂಗುಹಾಕಿದಳು. ವಾರ ಕಳೆದಿತ್ತು. ಶನಿವಾರ ಬೆಳಿಗ್ಗೆ ಡೆಸ್ಮಂಡ್ ಪತ್ರಿಕೆ ಹಿಡಿದು ಬಾಗಿಲು ತಳ್ಳಿದರೆ, ಎಂದಿನಂತೆ ಒಳಗಿನಿಂದ ಚಿಲಕ.

“ಒಂದ್ನಿಮಿಷ ಮಗಾ, ಈಗಷ್ಟೇ ಕೂತೆ,” ಎಂದಿತು ಮಿಸೆಸ್ ಪಿಲ್ಲಿಂಗ್‌ಳ ದನಿ.

ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಇಕ್ಕಟ್ಟಿನ ಅಡುಗೆಮನೆಯಲ್ಲಿ ಓವನ್ನಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಸೆಡ್ರಿಕ್ ಚಹಾ ಕುಡಿಯುತ್ತ ತನ್ನ ಸರದಿ ಕಾಯುತ್ತಿದ್ದ. “ನಮಗೂ ಮೊಣಕಾಲು ಅನ್ನೋದು ಇದೆಯಲ್ಲ ಕಣೋ,” ಎಂದು ನಕ್ಕ.

ಡೆಸ್ಮಂಡನಿಗೆ ಹೇಳಬೇಕಾದದ್ದು ಬಹಳ ಇತ್ತು. “ಪರವಾಗಿಲ್ಲ, ನಿಧಾನವಾಗಿ ಆಗ್ಲಿ,” ಎಂದಷ್ಟೇ ಹೇಳಿ, ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದ.

“ಹೆಂಗೂ ಮೇಲೆ ಹೋಗ್ತಾ ಇದ್ದೀಯಲ್ಲ,” ಎಂದು ಕೆಳಗಿನಿಂದ ಮೇವಿಸ್ ಕೂಗಿದಳು, “ಬರುವಾಗ ಟಾಯ್ಲೆಟ್ ಪೇಪರಿನ ಸುರುಳಿ ತಗೊಂಡು ಬಾ. ಕೆಳಗಿಂದು ಮತ್ತೆ ಮುಗೀತು.”