ಒಂದೇ ಹಾಡು, ಅದೂ ಅರ್ಧ

ನಾವು ಬ್ಯಾಂಡ್ ಬಿಟ್ಟರೂ ಬ್ಯಾಂಡು ನಮ್ಮನ್ನು ಬಿಟ್ಟಿಲ್ಲ. ಜಮಖಂಡಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಸ್ಕ್ರೀನ್ ಒಡೆದುಕೊಂಡು ಬಂದವರು ಫೋನ್ ಕೊಡುವ ಮೊದಲು ನನ್ನ ಮುಖ ನೋಡಿ, "ನೀವು ಆ ಟ್ರ್ಯಾಕ್ಟರ್ ಮ್ಯಾಲಿನವರಲ್ಲೇನ್ರಿ?" ಎಂದು ಕೇಳುತ್ತಾರೆ. ಹೌದು ಅಂದರೆ ನಗುತ್ತಾರೆ. ಅಲ್ಲ ಅಂದರೆ ಇನ್ನೂ ಜೋರಾಗಿ ನಗುತ್ತಾರೆ.

ನಾವಿದ್ದದ್ದು ಮೂವರು. ಕೀಬೋರ್ಡಿಗೆ ನಾನು, ಬೇಸ್ ಗಿಟಾರಿಗೆ ಬನಹಟ್ಟಿಯ ನನ್ನ ಸೋದರಮಾವನ ಮಗ, ಹಾಡಲಿಕ್ಕೆ ನಮ್ಮ ಜೊತೆ ಕಾಲೇಜು ಓದಿದ ಬೀಳಗಿಯ ಗೆಳತಿ. ಅವಳು ಸರಕಾರಿ ದವಾಖಾನೆಯಲ್ಲಿ ನರ್ಸು. ಸಿಂಥ್‌ಪಾಪ್, ಫಂಕ್ ಎರಡನ್ನೂ ಕಲಸಿ ಬಾರಿಸುತ್ತೇವೆ ಅಂತ ಹೊರಟಿದ್ದೆವು. ಅಂದರೆ ಕೀಬೋರ್ಡಿನಿಂದ ಬಗೆಬಗೆಯ ಸದ್ದು ಹೊರಡಬೇಕು, ಬೇಸ್ ಗಿಟಾರು ಕೂತವರ ಮೊಣಕಾಲು ಕುಣಿಸಬೇಕು. ನಮ್ಮ ಸ್ವಂತ ಹಾಡು ಒಂದೇ. ಬಸ್ಸು ತಪ್ಪಿಸಿಕೊಂಡ ಹುಡುಗಿಯ ಬಗ್ಗೆ ಗೆಳತಿಯೇ ಬರೆದದ್ದು. ಅವಳ ಹಟವೂ ಒಂದೇ. "ಮಂದಿ ಮುಂದ ಒಂದ ಸಲ ಪೂರಾ ಹಾಡೂಣು. ಆಮ್ಯಾಲ ಬ್ಯಾಂಡ್ ಇದ್ರ ಇರಲಿ, ಹೋದ್ರ ಹೋಗಲಿ" ಅನ್ನುತ್ತಿದ್ದಳು. ಬ್ಯಾಂಡು ಅವಳ ಮಾತಿನ ಕೊನೆಯ ಭಾಗವನ್ನಷ್ಟೇ ಕೇಳಿಸಿಕೊಂಡಿತು.

ಅಮಾವಾಸ್ಯೆಯ ಮಗ್ಗ

ತಾಲೀಮು ನಡೆಯುತ್ತಿದ್ದದ್ದು ಬನಹಟ್ಟಿಯ ಮಾವನ ಮನೆಯಲ್ಲಿ. ಪಡಸಾಲೆಯ ಆಚೆಗೇ ವಿದ್ಯುತ್ ಮಗ್ಗಗಳು. ಕರೆಂಟ್ ಇದ್ದಾಗ ಮಗ್ಗಗಳ ಖಟಪಟದಲ್ಲಿ ನಮ್ಮದು ನಮಗೇ ಕೇಳಿಸುತ್ತಿರಲಿಲ್ಲ. ಕರೆಂಟ್ ಹೋದರೆ ಮನೆಯೆಲ್ಲ ಶಾಂತ, ಜೊತೆಗೆ ನನ್ನ ಕೀಬೋರ್ಡೂ ಶಾಂತ. ಮಗ್ಗ ಸ್ವಲ್ಪ ಹೊತ್ತು ನಿಲ್ಲಿಸಿ ಅಂತ ಕೇಳಿದ್ದಕ್ಕೆ ಅತ್ತೆ, "ಸೀರಿ ನೇಯೂದು ನಿಲ್ಲಿಸಿ ನಿಮ್ಮ ಹಾಡ ಉಟಗೊಳ್ಳೂಣೇನು?" ಎಂದಿದ್ದಳು.

ಕೊನೆಗೆ ಆ ಖಟಪಟವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೀಬೋರ್ಡಿಗೆ ತುಂಬಿ, ನಮ್ಮ ಹಾಡಿನ ತಾಳ ಮಾಡಿಕೊಂಡೆವು. ಅದರ ಮೇಲೆ ಬೇಸನ್ನೂ ಶುರುವಿನ ಧಾಟಿಯನ್ನೂ ಕೂಡಿಸಿದೆ. ಕೆಂಪು ಗುಂಡಿ ಒತ್ತಿದರೆ ಎಲ್ಲ ಸೇರಿ ಹೊರಡುತ್ತಿತ್ತು.

ಅಮಾವಾಸ್ಯೆಗೆ ಮಗ್ಗಕ್ಕೆ ಸೂಟಿ. ಅವತ್ತು ಕರೆಂಟೂ ಇತ್ತು, ಶಾಂತವೂ ಇತ್ತು. ಹಾಡನ್ನು ಮೊದಲ ಸಲ ಪೂರ್ತಿ ಕೇಳೋಣ ಅಂತ ದೊಡ್ಡ ಸ್ಪೀಕರ್ ಜೋಡಿಸಿ ಕೆಂಪು ಗುಂಡಿ ಒತ್ತಿದೆ. ಒಳಗಿನಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಅಮಾಸಿ ದಿನ ಮಗ್ಗ ಯಾರ ಹಚ್ಚಿದ್ರಲೇ?" ಮಲಗಿದ್ದ ಮಾವ ಎದ್ದವನೇ, ಯಾರನ್ನೂ ಏನನ್ನೂ ಕೇಳದೆ, ಹೋಗಿ ಮೇನ್ ಸ್ವಿಚ್ ಆರಿಸಿಬಿಟ್ಟ. ಆಮೇಲೆ ದೇವರ ಮುಂದೆ ನಿಂತು, ಹುಡುಗರ ತಪ್ಪು ಹೊಟ್ಟೆಗೆ ಹಾಕಿಕೋ ಅಂತ ಕಾಯಿ ಒಡೆದ. ನಮ್ಮ ಹಾಡಿಗೆ ಮೊದಲ ಕಾಯಿ ಒಡೆದದ್ದು ಹೀಗೆ.

ಚೆಕ್ಕಿಂಗ್

ಮೊದಲ ಕಾರ್ಯಕ್ರಮ ಮುಧೋಳದ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ. ನಮ್ಮ ಹಾಡು ಶುರುವಾಗುವುದೇ ನಿಧಾನ. ಒಂದು ಸದ್ದು ದೂರದಿಂದ ಬಂದಂತೆ ಏಳುತ್ತದೆ, ಆಮೇಲೆ ಮಗ್ಗ, ಆಮೇಲೆ ಬೇಸು, ಎಲ್ಲ ಹದಕ್ಕೆ ಬಂದ ಮೇಲೆ ಗೆಳತಿಯ ದನಿ. ಇದನ್ನು ಕೂಡಿಸಲಿಕ್ಕೆ ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಗೆಳತಿ ಕಣ್ಣು ಮುಚ್ಚಿ ತನ್ನ ಸರದಿಗಾಗಿ ಕಾಯುತ್ತಿದ್ದಳು.

ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಎರಡು ಸಲ ಗಡಿಯಾರ ನೋಡಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು ಮೈಕಿನಲ್ಲೇ, "ಚೆಕ್ಕಿಂಗ್ ಸಾಕ್ರಿ. ಹಾಡು ಚಾಲೂ ಮಾಡ್ರಿ" ಎಂದರು.

"ಸರ್, ಇದ ಹಾಡರಿ" ಎಂದೆ.

ಅವರು ಕೀಬೋರ್ಡನ್ನೂ ನನ್ನನ್ನೂ ಮರುಕದಿಂದ ನೋಡಿದರು. "ಹಂಗಾರ ಬಾಳ ಕೆಟ್ಟೇತಿ. ಜಮಖಂಡ್ಯಾಗ ಯಾರರ ಛಲೋ ರಿಪೇರಿಯವರಿದ್ರ ತೋರಸ್ರಿ."

ನಾನು ಯಾವ ಉದ್ಯೋಗ ಮಾಡುತ್ತೇನೆ ಅಂತ ಆ ಸಭೆಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಮಿಮಿಕ್ರಿ ಮಾಡುವ ಹುಡುಗರು ಹತ್ತಿದರು, ನಾವು ಇಳಿದೆವು. ಗೆಳತಿ ಬಾಯಿ ತೆರೆಯುವುದೂ ಆಗಿರಲಿಲ್ಲ.

ಸತ್ಕಾರ

ಬಾಡಗಂಡಿ ಕಡೆಯ ಒಂದು ಊರಿನಲ್ಲಿ ಕಬ್ಬು ಬೆಳೆಗಾರರ ಸಮಾರಂಭ. ಮುಧೋಳದ ಪಾಠ ಕಲಿತು ಶುರುವಿನ ಭಾಗ ಚಿಕ್ಕದು ಮಾಡಿಕೊಂಡು ಹೋಗಿದ್ದೆವು. ಗೆಳತಿ ಮೊದಲ ನುಡಿಯ ಅಷ್ಟೂ ಸಾಲು ಮುಗಿಸಿದಳು. ಜನ ಚಪ್ಪಾಳೆ ಹೊಡೆದರು. ಅದೇ ತಪ್ಪಾಯಿತು. ಚಪ್ಪಾಳೆ ಕೇಳಿ ಸಂಘದ ಹಿರಿಯರೊಬ್ಬರಿಗೆ ಮನಸ್ಸು ತುಂಬಿ ಬಂದು, "ಕಲಾವಿದರಿಗೆ ಈಗಿಂದೀಗ ಸತ್ಕಾರ ಆಗಬೇಕ್ರಿ" ಎಂದು ಎದ್ದರು.

ನಮ್ಮ ಕಡೆ ಸತ್ಕಾರ ಬೇಡ ಅಂದವನನ್ನು ಸೊಕ್ಕಿನವ ಅನ್ನುತ್ತಾರೆ. ಶಾಲು ಹೊದಿಸಿದರು, ರುಮಾಲು ಸುತ್ತಿದರು, ಹಾರ ಹಾಕಿದರು, ಎರಡೂ ಕೈಗೆ ಕಾಯಿ ಕೊಟ್ಟರು. ಕೈಯಲ್ಲಿ ಕಾಯಿ ಹಿಡಿದು ಕೀಬೋರ್ಡ್ ಬಾರಿಸುವವನು ಇನ್ನೂ ಹುಟ್ಟಿಲ್ಲ. ಆಮೇಲೆ ಪೆಂಡಾಲ್ ಹಾಕಿಸಿದವರಿಗೆ, ಊಟ ಮಾಡಿಸಿದವರಿಗೆ, ಮೈಕಿನವನಿಗೆ, ಎಲ್ಲರಿಗೂ ಕಲಾವಿದರ ಹಸ್ತದಿಂದಲೇ ಸತ್ಕಾರವಾಗಲಿ ಎಂದರು. ಅದು ಮುಗಿಯುವಷ್ಟರಲ್ಲಿ ಹುಗ್ಗಿಯ ವಾಸನೆ ಬಂತು, ಪೆಂಡಾಲ್ ಖಾಲಿಯಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಬೇಸಿನವನು ಕಾಯಿಗಳನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು, "ಅರ್ಧ ಹಾಡಿಗೇ ಇಷ್ಟ ಸತ್ಕಾರ ಮಾಡ್ಯಾರ. ಪೂರಾ ಹಾಡಿದ್ರ ಏನ್ ಮಾಡ್ತಿದ್ರೋ" ಎಂದ.

ಗೆಳತಿ ಕಿಟಕಿಯಾಚೆ ನೋಡುತ್ತ ಹೇಳಿದಳು, "ಪೂರಾ ಹಾಡಬಾರದು ಅಂತನ ಮಾಡ್ಯಾರ."

ಜನರೇಟರಿನ ಅಭಿಮಾನಿ

ಜನ ಇವತ್ತಿಗೂ ಕೇಳುವ ಟ್ರ್ಯಾಕ್ಟರ್ ಕಥೆ ಇದು. ಚಿಕ್ಕಪಡಸಲಗಿಯಲ್ಲಿ ಒಂದು ಮದುವೆಯ ಮೆರವಣಿಗೆ. ಮುಂದಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಾವು ಮೂವರು, ನಮ್ಮ ವಾದ್ಯ, ಸ್ಪೀಕರು. ಹಿಂದಿನ ಟ್ರ್ಯಾಕ್ಟರಿನಲ್ಲಿ ಜನರೇಟರು. ನಡುವೆ ಒಂದು ಉದ್ದನೆಯ ವೈರು. ಅಷ್ಟೊತ್ತು ಬೇರೆಯವರ ಹಾಡು ಬಾರಿಸಿ, ಇನ್ನು ತಡೆಯುವವರು ಯಾರೂ ಇಲ್ಲ ಅಂತ ನಮ್ಮ ಹಾಡು ಎತ್ತಿಕೊಂಡೆವು. ಮೊದಲ ನುಡಿ ಆಯಿತು, ಎರಡನೆಯದೂ ಆಯಿತು. ಉಳಿದದ್ದು ಕೊನೆಯ ನುಡಿ ಒಂದೇ. ಗೆಳತಿ ನನ್ನ ಕಡೆ ತಿರುಗಿ ನಕ್ಕಳು. ಆ ನಗು ನನಗೆ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಸದ್ದೆಲ್ಲ ಸತ್ತುಹೋಯಿತು. ತಿರುಗಿ ನೋಡಿದರೆ ಹಿಂದಿನ ಟ್ರ್ಯಾಕ್ಟರ್ ದೂರದಲ್ಲಿ ನಿಂತಿದೆ, ಹರಿದ ವೈರು ರಸ್ತೆಯಲ್ಲಿ ಬಿದ್ದಿದೆ, ಅದರ ಡ್ರೈವರ್ ಕೆಳಗಿಳಿದು ಟವೆಲ್ ತಿರುಗಿಸುತ್ತ ಒಬ್ಬನೇ ಕುಣಿಯುತ್ತಿದ್ದಾನೆ. ಗೆಳತಿ ಬರಿಗಂಟಲಿನಲ್ಲೇ ಮುಂದಿನ ಸಾಲು ಹಾಡಿದಳು. ಜನರ ನಗೆಯಲ್ಲಿ ಅದು ಟ್ರೇಲರಿನಾಚೆ ಹೋಗಲಿಲ್ಲ. ಅವಳು ಸ್ಪೀಕರಿನ ಮೇಲೆ ಕೂತುಬಿಟ್ಟಳು.

ಡ್ರೈವರ್ ಓಡುತ್ತ ಬಂದ. ಬೆವರು ಒರೆಸಿಕೊಂಡು, "ಅಕ್ಕಾರ, ಎಂಥಾ ಹಾಡ್ರಿ! ಕುಂಡರಾಕ ಆಗಲಿಲ್ಲ ನನಗ. ಅರ್ಧಕ್ಕ ಯಾಕ ನಿಲ್ಲಿಸಿದ್ರಿ?" ಎಂದು ಕೇಳಿದ.

ನಮ್ಮ ಬ್ಯಾಂಡಿಗೆ ಸಿಕ್ಕ ಏಕೈಕ ಅಭಿಮಾನಿ ಅವನು. ಅವನನ್ನು ಬೈಯಲಿಕ್ಕೂ ನಮಗೆ ಮನಸ್ಸಾಗಲಿಲ್ಲ.

ಕೆಂಪು ಗುಂಡಿ

ಮುಂದೆ ಸ್ವಲ್ಪ ದಿನಕ್ಕೆ ಗೆಳತಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಬೇಸಿನವನು ಮಗ್ಗಕ್ಕೆ ಕೂತ. ಜಗಳವಿಲ್ಲ, ವಿದಾಯವಿಲ್ಲ, ಒಂದು ತಿಂಗಳು ತಾಲೀಮು ತಪ್ಪಿತು, ಆಮೇಲೆ ಯಾರೂ ಕೇಳಲಿಲ್ಲ. ಇನ್ನೊಂದೇ ಒಂದು ಸಲ ಎಲ್ಲಾದರೂ ಬಾರಿಸಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಕೀಬೋರ್ಡನ್ನು ನೋಡಲಾರದೆ ನಮ್ಮ ಓಣಿಯ ಭಜನಾ ಮಂಡಳಿಗೆ ಕೊಟ್ಟುಬಿಟ್ಟೆ.

ಮೊನ್ನೆ ಶ್ರಾವಣ ಸೋಮವಾರದ ಸಂಜೆ ಗುಡಿಯ ಮುಂದೆ ಹಾಯ್ದು ಹೊರಟಿದ್ದೆ. ಒಳಗಿನಿಂದ ಅತ್ತೆಯ ಮನೆಯ ಮಗ್ಗ ಕೇಳಿಸಿತು. ಹಿಂದೆಯೇ ನಮ್ಮ ಬೇಸು. ಮಂಡಳಿಯ ಅಜ್ಜಂದಿರು ಕೆಂಪು ಗುಂಡಿ ಒತ್ತಿಕೊಂಡು, ತಾಳ ಹಿಡಿದು, ಶಿವನ ಮೇಲೆ ಭಜನೆ ಎತ್ತಿದ್ದರು. ಮಾತು ಅವರವು, ಉಳಿದದ್ದೆಲ್ಲ ನಮ್ಮದು. ನಾನು ಕಂಬಕ್ಕೆ ಆತುಕೊಂಡು ಗೆಳತಿಗೆ ಫೋನ್ ಹಚ್ಚಿದೆ. "ಏನೂ ಮಾತಾಡಬ್ಯಾಡ, ಕೇಳು" ಎಂದೆ.

ಯಾರೂ ಏಳಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ. ಎರಡನೆಯ ನುಡಿಯ ಹೊತ್ತಿಗೆ ಫೋನಿನಲ್ಲಿ ಸಣ್ಣ ದನಿ ಕೇಳಿಸಿತು. ಗೆಳತಿ ತನ್ನ ಮಾತುಗಳನ್ನೇ ಹಾಡುತ್ತಿದ್ದಳು. ಬಸ್ಸು ತಪ್ಪಿಸಿಕೊಂಡ ಆ ಹುಡುಗಿ ಶಿವನ ಜೊತೆಜೊತೆಗೇ ಕೊನೆಯ ಸಾಲಿನವರೆಗೆ ಬಂದು ಮುಟ್ಟಿದಳು.

ಹಿರಿಯಜ್ಜ ನನ್ನನ್ನು ಕಂಡು, "ಕಂಪನಿಯವ್ರು ಛಲೋ ತಾಳ ತುಂಬ್ಯಾರ ನೋಡೋ ತಮ್ಮಾ, ಅಗದೀ ನಮ್ಮ ಕಡೀದು" ಎಂದ.

"ಅದು ನಾವ ಮಾಡಿದ್ದರಿ, ಅಜ್ಜಾರ."

"ಹೌದೇನು? ಮತ್ತ ಮೊದಲ ಇಲ್ಲೇ ಬರಬೇಕಿತ್ತಲ್ಲೋ. ನಮ್ಮಲ್ಲಿ ಮಂಗಳಾರತಿ ಆಗೂತನಕ ಯಾರೂ ಏಳಂಗಿಲ್ಲ."

ಫೋನ್ ಕಿವಿಗಿಟ್ಟುಕೊಂಡೆ. ಆ ಕಡೆ ಗೆಳತಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಆಮೇಲೆ ಹೇಳಿದಳು:

"ಅಂತೂ ಚೆಕ್ಕಿಂಗ್ ಮುಗೀತು ಬಿಡು."