ಒಂದು ಸ್ವರವನ್ನೂ ಬದಲಿಸತಕ್ಕದ್ದಲ್ಲ

ಪುಕ್ಕಟೆ ಕೊಡುವುದು ಎಷ್ಟು ತಾಪತ್ರಯದ ಕೆಲಸವೆಂದು ಕೊಟ್ಟು ನೋಡಿದವನಿಗೇ ಗೊತ್ತು. ಬೆಟಗೇರಿಯಲ್ಲಿ ಮದುವೆ ಬ್ಯಾಂಡ್ ನಡೆಸುವ ಉಸ್ಮಾನಸಾಬ ಎಂದರೆ ನಾನೇ. ಮದುಮಗ ಕುದುರೆ ಇಳಿಯುವಾಗ ಊದಲೆಂದು ಒಂದು ಧಾಟಿ ಕಟ್ಟಿದ್ದೆ. (ಅದನ್ನು ಕೇಳಿ ಕುದುರೆಯೇ ತಲೆದೂಗಿತ್ತಂತೆ. ಹೀಗೆಂದು ಊರಿಗೆಲ್ಲ ಹೇಳಿದವನೂ ನಾನೇ.) ಜಗತ್ತಿನ ಸಮಸ್ತ ಬ್ಯಾಂಡಿನವರೂ ಅದನ್ನು ಊದಿ ನನ್ನ ಹೆಸರು ಅಜರಾಮರವಾಗಲಿ ಎಂದು, ಸ್ವರ ಬರೆಸಿ ಇಂಟರ್ನೆಟ್ಟಿಗೆ ಹಾಕುವ ಘನ ಸಂಕಲ್ಪ ಮಾಡಿದೆ.

ಪಡಸಾಲೆಯಲ್ಲಿ ಟಿವಿ ಗದ್ದಲ. ಹಾಗಾಗಿ ಅಡುಗೆಮನೆಯಲ್ಲಿ ನಿಂತು ಕ್ಲಾರಿನೆಟ್ ಊದಿ, ಫೋನಿನಲ್ಲಿ ತುಂಬಿಸಿ, ಮಗಳು ರುಹಿಗೆ ಕೊಟ್ಟೆ. ಅವಳು ಕಾಲೇಜಿನಲ್ಲಿ ಸ್ವರ ಬರೆಯುವುದನ್ನು ಕಲಿತವಳು. ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರಿ, ನಿನ್ನ ಬುದ್ಧಿ ಓಡಿಸಬೇಡ ಎಂದು ತಾಕೀತು ಮಾಡಿದೆ.

ಬರೆದದ್ದನ್ನು ನೋಡಲು ನನಗೆಲ್ಲಿ ಪುರುಸೊತ್ತು? ಆ ವೆಬ್‌ಸೈಟು ಲೈಸೆನ್ಸ್ ಆರಿಸಿಕೋ ಎಂದು ಜೀವ ತಿನ್ನುತ್ತಿತ್ತು. ಊದುವವರು ನಿನ್ನ ಹೆಸರು ಹೇಳಬೇಕೋ ಬೇಡವೋ? ಹೇಳಲೇಬೇಕು. ದುಡ್ಡು ತಗೊಂಡು ಊದಬಹುದೋ? ಕೂಡದು ಎಂದು ಒತ್ತಲು ಹೋದೆ. ನನ್ನ ಹೆಂಡತಿ ದಿಲಶಾದಬಿ ತಡೆದು, ಬ್ಯಾಂಡಿನವರು ಮದುವೆಯಲ್ಲಿ ಬರೀ ಬೀಗರ ಮುಖ ನೋಡಿಕೊಂಡು ಊದುತ್ತಾರೇನು ಎಂದು ಕೇಳಿದಳು. ಅದೂ ಖರೆ. ಊದಲಿ ಎಂದೆ. ಕೊನೆಗೆ, ಬದಲಾಯಿಸಬಹುದೋ ಎಂಬ ಪ್ರಶ್ನೆ ಬಂತು. ಇಲ್ಲಿ ಮಾತ್ರ ನಾನು ಬಂಡೆಗಲ್ಲು. ಒಂದು ಸ್ವರವನ್ನೂ ಬದಲಿಸತಕ್ಕದ್ದಲ್ಲ.

"ಮಂದಿಗೆ ಮಜ್ಜಿಗಿ ಕೊಟ್ಟಮ್ಯಾಲೆ, ಉಪ್ಪು ಹಾಕಬ್ಯಾಡ, ಒಗ್ಗರಣಿ ಕೊಡಬ್ಯಾಡ ಅಂತ ಅವರ ಮನಿಗೆ ಹೋಗಿ ಕುಂಡ್ರತೀರೇನ್ರಿ?" ಎಂದಳು ಅವಳು.

ಕಲೆಗೂ ಮಜ್ಜಿಗೆಗೂ ಇರುವ ಅಂತರವನ್ನು ವಿವರಿಸಿದೆ. ಅವಳು ಅರ್ಧಕ್ಕೇ ಎದ್ದು ಒಳಗೆ ಹೋದಳು.

ಮುಂದಿನ ತಿಂಗಳು ಲಕ್ಷ್ಮೇಶ್ವರದಲ್ಲಿ ತಮ್ಮನ ಮಗಳು ಅಲ್ಫಿಯಾಳ ಮದುವೆ. ಗಂಡಿನವರು ಮುಂಡರಗಿಯ ಅಂದಪ್ಪನ ಬ್ಯಾಂಡ್ ಕರೆಸಿದ್ದರು. ಮದುಮಗನ ಕುದುರೆ ಬಂದು ನಿಂತಿತು. ಅಂದಪ್ಪ ಷರತ್ತಿನ ಪ್ರಕಾರ ಮೈಕಿನಲ್ಲಿ, ಈ ಧಾಟಿ ಬೆಟಗೇರಿಯ ಉಸ್ಮಾನಸಾಬರದು ಎಂದು ಸಾರಿದ. ಬೀಗರೆಲ್ಲ ನನ್ನತ್ತ ತಿರುಗಿದರು. ನಾನು ಟೊಪ್ಪಿಗೆ ಸರಿ ಮಾಡಿಕೊಂಡೆ.

ಧಾಟಿ ಸೊಗಸಾಗಿ ಏರಿತು. ಏರಿದ್ದೇ ತಡ, ಇದ್ದಬದ್ದ ಕ್ಲಾರಿನೆಟ್ಟು, ತುತ್ತೂರಿಗಳೆಲ್ಲ ಒಮ್ಮೆಲೇ ಕಿವಿ ಸೀಳುವಂತೆ ಕಿರ್ರೆಂದವು. ಕುದುರೆ ತಲೆದೂಗಲಿಲ್ಲ, ಹಿಂದಕ್ಕೆ ಜಿಗಿಯಿತು. ಮದುಮಗ ಅದರ ಕುತ್ತಿಗೆಗೆ ಜೋತುಬಿದ್ದ. ನಾನು ಅಂದಪ್ಪನ ತೋಳು ಹಿಡಿದು ಇದೇನು ಅನಾಹುತ ಎಂದೆ. ಅವನು ಫೋನು ತೆಗೆದು ತೋರಿಸಿದ. ರುಹಿ ಬರೆದ ಸ್ವರಗಳಲ್ಲಿ ಆ ಕಿರ್ರೆನ್ನುವುದೂ ಸ್ಪಷ್ಟವಾಗಿತ್ತು.

"ನಮಗೂ ಸಂಶೇ ಬಂದಿತ್ರಿ ಮಾಸ್ತರ. ತಗದ ಬಿಡೂಣು ಅಂದ್ವಿ. ಆದ್ರ ಒಂದ ಸ್ವರನೂ ಬದಲ ಮಾಡಬಾರದಂತ ನೀವ ಹಾಕೀರಿ. ಹಿರ್ಯಾರ ಮಾತು ಹೆಂಗ ಮೀರೂದ್ರಿ?"

ಅಷ್ಟರಲ್ಲಿ ಪಕ್ಕದಲ್ಲಿದ್ದ ದಿಲಶಾದಬಿಗೆ ಗುರುತು ಹತ್ತಿತ್ತು. ಅದು ಅವಳ ಕುಕ್ಕರಿನ ಸೀಟಿ. ನಾನು ಊದುವಾಗ ಒಲೆಯ ಮೇಲೆ ಬೇಳೆ ಇತ್ತು. ರುಹಿ ಅಪ್ಪನ ಅಪ್ಪಣೆಯಂತೆ ಕೇಳಿಸಿದ್ದನ್ನೆಲ್ಲ ಬರೆದಿದ್ದಳು.

ಮನೆಗೆ ಬಂದವನೇ ಸೀಟಿ ತೆಗೆದ ಪ್ರತಿ ಹಾಕಿದೆ. ಅದನ್ನು ಯಾರೂ ಮೂಸಿಯೂ ನೋಡಲಿಲ್ಲ. ಕುದುರೆ ಜಿಗಿದ ಸುದ್ದಿ ಊರೂರಿಗೆ ಹಬ್ಬಿ, ಸೀಟಿ ಬರುವ ಧಾಟಿಯೇ ಬೇಕೆಂದು ಶಿರಹಟ್ಟಿಯ ಮದುಮಕ್ಕಳೂ ಹಟ ಹಿಡಿದರು. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸು ಪಡೆಯಲು ಬರುವುದಿಲ್ಲವಂತೆ. ನನಗೆ ಅಳು ಬರುವುದೊಂದು ಬಾಕಿ. ಆಗ ದಿಲಶಾದಬಿ ಬಂದು ಎದುರಿಗೆ ಕೂತಳು.

"ಜನ ಕುಣಿಯೂದು ನನ್ನ ಕುಕ್ಕರಿಗೆ. ಮಾಡಿದವರ ಹೆಸರು ಹೇಳಲೇಬೇಕು ಅಂತ ನೀವ ಷರತ್ತು ಹಾಕಿದ್ರಿ. ನನ್ನ ಹೆಸರು ಎಲ್ಲೈತ್ರಿ?"

ಕಾಯ್ದೆ ಅವಳ ಕಡೆಗಿತ್ತು. ಈಗ ಅಂದಪ್ಪ ಮೈಕಿನಲ್ಲಿ ಹೇಳುತ್ತಾನೆ: ಸಂಗೀತ, ಬೆಟಗೇರಿಯ ದಿಲಶಾದಬಿಯವರದು, ಜೊತೆಗೆ ಕ್ಲಾರಿನೆಟ್, ಅವರ ಯಜಮಾನರದು.