ಕಲ್ಯಾಣದುರ್ಗದ ಲಾರಿ, ಹಿಂದೂಪುರದ ಬ್ಯಾಟರಿ

ಹಿಂದೂಪುರದಲ್ಲಿ ಲಾರಿ ಬ್ಯಾಟರಿ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಗಿರಾಕಿಗಳೇ ಬಾಗಿಲಿಗೆ ತಂದುಕೊಡುತ್ತಾರೆ. ನನಗೋ ಏನು ಕಂಡರೂ ‘ಯಾಕೆ?’ ಎಂದು ಕೇಳುವ ಚಟ. ಆ ಚಟಕ್ಕೆ ಹೆಚ್ಚು ಮೇವು ಹಾಕಿದವರು ಕಲ್ಯಾಣದುರ್ಗದ ಒಬ್ಬ ಲಾರಿ ಯಜಮಾನರು. ಇರುವುದೊಂದೇ ಲಾರಿ, ಓಡಿಸುವವರೂ ಅವರೇ.

೧. ಮುಟ್ಟಿ ಆರಿಸಿದ್ದು

ಮೊದಲ ಸಲ ಬಂದದ್ದು ಕಡುಬೇಸಿಗೆಯಲ್ಲಿ. ಹೊರಗೆ ನಮ್ಮ ಮೆಕ್ಯಾನಿಕ್ ಅವರ ಲಾರಿಯಲ್ಲಿ ಕೆಲಸ ಶುರು ಮಾಡಿದ್ದ. ಇವರು ಒಳಗೆ ಒಂದೊಂದೇ ಬ್ಯಾಟರಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು.

‘ಬಿಸಿಲೂರಿಗೆ ಒಳಗೆ ದಪ್ಪ ಪ್ಲೇಟ್ ಇರೋದು ತಗೊಳ್ಳಿ ಅಣ್ಣ, ಇದು ಒಳ್ಳೇದು’ ಎಂದೆ.

‘ಇದು ತಣ್ಣಗೈತೆ. ಫ್ಯಾನ್ ಗಾಳೀಲಿ ಬೆಳ್ದಿದ್ದು ನಮ್ಮ ಬಿಸ್ಲು ತಡೀತದಾ? ಬಾಗ್ಲಾಚೆ ಕಾದು ಕೂತೈತಲ್ಲ, ಅದು ಗಟ್ಟಿ. ಅದನ್ನೇ ಕೊಡು.’

ಅದು ಮೆಕ್ಯಾನಿಕ್ ಆಗಷ್ಟೇ ಅವರ ಲಾರಿಯಿಂದ ಬಿಚ್ಚಿಟ್ಟ ಹಳೇ ಬ್ಯಾಟರಿ.

೨. ಗೋಣಿಚೀಲ

ತಿಂಗಳು ಕಳೆದು ಮತ್ತೆ ಬಂದರು. ಲಾರಿಗೆ ನಾನು ಹಾಕಿಕೊಟ್ಟಿದ್ದ ಎರಡೂ ಹೊಸ ಬ್ಯಾಟರಿಗೆ ಒದ್ದೆ ಗೋಣಿಚೀಲ ಸುತ್ತಿದ್ದರು.

‘ಇದ್ಯಾಕಣ್ಣ?’

‘ನೀರಿನ ಮಡಕೆಗೆ ಸುತ್ತಲ್ವಾ? ಹಂಗೇ. ದಿನಾ ಮೂರು ಸಲ ನೀರು ಹಾಕ್ತೀನಿ ಕಣಪ್ಪ.’

ಮುಚ್ಚಳ ತೆಗೆದರೆ ಒಳಗೆಲ್ಲ ಒಣಗಿತ್ತು. ‘ಒಳಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿಲ್ವಾ?’

‘ಅಯ್ಯೋ ದೇವುಡಾ! ಅಷ್ಟು ನೀರು ಹೊಯ್ದಿದೀನಿ, ಒಂದು ಹನೀನಾದ್ರೂ ಕುಡೀಬೇಕಿತ್ತಲ್ಲ ಅದು!’

೩. ಜಂಪರ್ ಕೇಬಲ್

ಮೂರನೆಯದಕ್ಕೆ ನಗು ತಡವಾಗಿ ಬಂತು. ಬೆಳಿಗ್ಗೆಯೇ ಫೋನ್. ‘ಬ್ಯಾಟ್ರಿ ಸತ್ತೋಯ್ತು ಕಣಪ್ಪ. ಕಡ್ಲೆಕಾಯಿ ಲೋಡಾಗಿ ನಿಂತೈತೆ. ಮಧ್ಯಾಹ್ನದೊಳ್ಗೆ ಹೊರಡ್ದಿದ್ರೆ ಮಿಲ್ಲಿನೋರು ಬೇರೆ ಲಾರಿ ಕರೀತಾರೆ. ಆಮೇಲೆ ನನ್ನನ್ಯಾರು ಕರೀತಾರೆ?’ ನನಗೂ ಸಂಕಟವಾಯಿತು, ಬ್ಯಾಟರಿ ಮಾರಿದವನು ನಾನೇ ತಾನೆ.

ಹೊಸ ಜೋಡಿಯನ್ನು ಜೀಪಿಗೆ ಹಾಕಿಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಪಕ್ಕದ ಲಾರಿಯ ಬ್ಯಾಟರಿಯಿಂದ ಜಂಪರ್ ಕೇಬಲ್ ಎಳೆದು ಕರೆಂಟ್ ಕೊಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೇಬಲ್ ತೆಗೆದು, ಆಫ್ ಮಾಡಿ, ಮತ್ತೆ ಕೀ ತಿರುಗಿಸಿದರೆ ಟಕ್ ಎಂದು ಸುಮ್ಮನಾಯಿತು.

‘ಹೊಸಾದು ಹಾಕ್ಬುಡು’ ಎಂದರು. ನನ್ನ ಚಟ ಬಿಡಬೇಕಲ್ಲ. ಮೀಟರ್ ಇಟ್ಟು ನೋಡಿದೆ, ಬ್ಯಾಟರಿ ಫುಲ್! ಹೊಟ್ಟೆ ತುಂಬಿದ ಎತ್ತು ಏಳುತ್ತಿಲ್ಲ ಯಾಕೆ? ಬ್ಯಾಟರಿಯ ಟರ್ಮಿನಲ್ಲಿಗೆ ತಂತಿ ಹಿಡಿದಿಡುವ ಕ್ಲಾಂಪ್ ಬಿಚ್ಚಿದೆ. ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಇನ್ನು ಕರೆಂಟ್ ದಾಟುವುದೆಲ್ಲಿಂದ?

‘ಇದೇನಣ್ಣ?’

‘ವಿಭೂತಿ. ಸೋಮವಾರ ಸೋಮವಾರ ಹಚ್ತೀನಿ.’

‘ಹಚ್ಚೋದಾದ್ರೆ ಮೇಲೆ ಹಚ್ಚಿ. ಕ್ಲಾಂಪ್ ಯಾಕೆ ಬಿಚ್ತೀರಿ?’

ನನ್ನನ್ನು ಮಗುವಿನಂತೆ ನೋಡಿದರು. ‘ಟೋಪಿ ಮೇಲೆ ಯಾರಾದ್ರೂ ವಿಭೂತಿ ಹಚ್ತಾರೇನಪ್ಪ? ಟೋಪಿ ತಗ್ದು ಹಚ್ಬೇಕು.’

ಎಮರಿ ಪೇಪರಿನಿಂದ ಉಜ್ಜಿ, ಕ್ಲಾಂಪ್ ಬಿಗಿದು, ಕೀ ತಿರುಗಿಸಲು ಹೇಳಿದೆ. ಲಾರಿ ಗುರ್ ಎಂದು ಎದ್ದಿತು. ಗಡಿಯಾರದಲ್ಲಿ ಹನ್ನೊಂದೂವರೆ. ಯಜಮಾನರ ಕಣ್ಣಲ್ಲಿ ನೀರು. ‘ಎಂಥಾ ಬ್ಯಾಟ್ರಿ ಕಣಪ್ಪ! ಇದಕ್ಕೆ ಕೈ ಮುಗೀದೆ ಹೆಂಗೆ ಹೋಗಾದು?’ ಎನ್ನುತ್ತ ಇಳಿದು, ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ವಿಭೂತಿ ಗಟ್ಟಿ ಹಿಡಿದು ಬಂದರು.

ನಾನು ಓಡಿಹೋಗಿ ಅಡ್ಡ ನಿಂತೆ. ‘ಅಣ್ಣ, ಹಚ್ಚಲೇಬೇಕು ಅಂದ್ರೆ ನನ್ನ ಹಣೆಗೆ ಹಚ್ಚಿ!’

ಅಂದಿನಿಂದ ಆ ಬ್ಯಾಟರಿ ಒಮ್ಮೆಯೂ ಕೈಕೊಟ್ಟಿಲ್ಲ. ಹಿಂದೂಪುರಕ್ಕೆ ಬಂದಾಗಲೆಲ್ಲ ಯಜಮಾನರು ಅಂಗಡಿ ಮುಂದೆ ಲಾರಿ ನಿಲ್ಲಿಸಿ, ವಿಭೂತಿ ಗಟ್ಟಿ ಹಿಡಿದು ಇಳಿಯುತ್ತಾರೆ. ನಾನು ‘ಯಾಕೆ?’ ಎನ್ನದೆ ನನ್ನ ತಲೆಯ ಟೋಪಿ ತೆಗೆಯುತ್ತೇನೆ.